ಟೇಬಲ್ ಸಾ ಪಕ್ಕದ ರೆಕ್ಕೆಯಲ್ಲೇ ರೌಟರ್ ಟೇಬಲ್: ಅಳತೆ, ಮಟ್ಟ, ಮರ ತಳ್ಳುವ ದಿಕ್ಕು

ಹತ್ತಡಿ ಹನ್ನೆರಡಡಿಯ ಶೆಡ್ಡಿನಲ್ಲಿ ಟೇಬಲ್ ಸಾ (ಮೇಜಿನ ನಡುವೆ ಬ್ಲೇಡ್ ಮೇಲೆದ್ದಿರುವ ಗರಗಸ) ಒಂದನ್ನು ಇಟ್ಟ ಮೇಲೆ ರೌಟರ್‌ಗೆಂದು (ಬಿಟ್ ಎಂಬ ತಿರುಗುವ ಹಲ್ಲಿನಿಂದ ಮರದ ಅಂಚು, ತೋಡು ಕಡಿಯುವ ಯಂತ್ರ) ಇನ್ನೊಂದು ಮೇಜು ಹಾಕಲು ಜಾಗ ಉಳಿಯುವುದಿಲ್ಲ. ಅದಕ್ಕೇ ಗರಗಸದ ಬಲಗಡೆಯ ರೆಕ್ಕೆಯನ್ನು (ನಡುಮೇಜಿನ ಪಕ್ಕಕ್ಕೆ ಸೇರಿಸಿದ ತುಂಡು) ಬಿಚ್ಚಿ, ಅದೇ ಜಾಗಕ್ಕೆ ರೌಟರ್ ತೂಗುಬಿಟ್ಟ ಹಲಗೆಯನ್ನು ಕೂರಿಸುತ್ತಾರೆ. ಉದ್ದದ ಮರಕ್ಕೆ ಗರಗಸದ ಎರಕದ ಮೇಜೇ ಆಸರೆ, ಮರವನ್ನು ಒರಗಿಸಿ ತಳ್ಳುವ ನೇರ ತಡೆ, ಅಂದರೆ ಫೆನ್ಸ್ ಕೂಡ ಎರಡಕ್ಕೂ ಒಂದೇ. ಪ್ಲೈ ಕೊಯ್ದು ಬೋಲ್ಟ್ ಹಾಕಲು ಬರುವವರಿಗೆ ಇದು ಎರಡು ದಿನದ ಕೆಲಸ.

ಆದರೆ ಗರಗಸದ ಮುಂದೆ ನಿಂತು ಅಭ್ಯಾಸವಾದ ಕೈ, ರೌಟರ್ ವಿಷಯದಲ್ಲಿ ತಪ್ಪು ದಿಕ್ಕಿಗೆ ಮರ ತಳ್ಳುವ ಸಾಧ್ಯತೆ ಈ ಜೋಡಣೆಯಲ್ಲಿ ತುಂಬಾ ಹೆಚ್ಚು. ಹಾಗಾಗಿ ಪ್ಲೈ ಕೊಯ್ಯುವ ಮೊದಲು ದಿಕ್ಕಿನ ಲೆಕ್ಕ ಮುಗಿಸಿಕೊಳ್ಳೋಣ. ರೌಟರ್ ಎಲ್ಲಿ ಕೂರಬೇಕು ಎನ್ನುವುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಬಿಟ್ ಯಾವ ಕಡೆ ತಿರುಗುತ್ತದೆ, ಮರ ಯಾವ ಕಡೆ ಹೋಗಬೇಕು

ರೌಟರನ್ನು ಕೈಯಲ್ಲಿ ಹಿಡಿದು ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದನ್ನೇ ತಲೆಕೆಳಗಾಗಿ ಮೇಜಿನಡಿ ತೂಗುಬಿಟ್ಟಾಗ, ಮೇಜಿನ ಮೇಲಿನಿಂದ ನೋಡುವವರಿಗೆ ಅದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಮರ ಯಾವಾಗಲೂ ಹಲ್ಲಿಗೆ ಎದುರಾಗಿ ಹೋಗಬೇಕು. ಹಲ್ಲಿನ ಜೊತೆಗೇ ಹೋದರೆ ಬಿಟ್ ಮರವನ್ನು ಕಚ್ಚಿ ಎಳೆದುಕೊಂಡು ಹೋಗುತ್ತದೆ, ಹಿಡಿದ ಕೈಯೂ ಅದರ ಹಿಂದೆಯೇ ಹೋಗುತ್ತದೆ.

ರೌಟರ್ ಬಲಗಡೆಯ ರೆಕ್ಕೆಯಲ್ಲಿದೆ ಎಂದುಕೊಳ್ಳಿ. ಫೆನ್ಸ್ ನಿಲ್ಲಿಸಲು ಎರಡು ಜಾಗಗಳಿವೆ.

ಒಂದು, ಫೆನ್ಸ್ ಬ್ಲೇಡಿಗೂ ಬಿಟ್‌ಗೂ ನಡುವೆ. ಆಗ ಫೆನ್ಸಿನ ಬಲ ಮುಖ ಕೆಲಸಕ್ಕೆ ಬರುತ್ತದೆ. ನೀವು ಗರಗಸದ ಬಲ ತುದಿಗೆ ಹೋಗಿ, ಬ್ಲೇಡಿನ ಕಡೆ ಮುಖ ಮಾಡಿ ನಿಲ್ಲಬೇಕು. ಮರವನ್ನು ನಿಮ್ಮ ಬಲಗೈಯಿಂದ ಎಡಗೈ ಕಡೆಗೆ, ಅಂದರೆ ಗರಗಸದ ಹಿಂಬದಿಯಿಂದ ಮುಂಬದಿಗೆ ತಳ್ಳಬೇಕು. ಇದು ಗರಗಸದಲ್ಲಿ ಸೀಳುವ ದಿಕ್ಕಿಗೆ ಪೂರಾ ಉಲ್ಟಾ. ಇದೇ ಜೋಡಣೆಯಲ್ಲಿ ಅಭ್ಯಾಸಬಲದಿಂದ ಗರಗಸದ ಮುಂದೆ ನಿಂತು ಮರವನ್ನು ಆಚೆ ತಳ್ಳಿದರೆ ಮರ ಕೈಯಿಂದ ಹಾರುತ್ತದೆ.

ಎರಡು, ಫೆನ್ಸ್ ಬಿಟ್‌ನ ಬಲಕ್ಕೆ. ಆಗ ಸೀಳಲು ಬಳಸುವ ಎಡ ಮುಖವೇ ಕೆಲಸಕ್ಕೆ ಬರುತ್ತದೆ. ಗರಗಸದ ಮುಂದೆ ಎಂದಿನ ಜಾಗದಲ್ಲೇ ನಿಂತು, ಎಂದಿನಂತೆ ಮುಂದಿನಿಂದ ಹಿಂದಕ್ಕೆ ತಳ್ಳಬಹುದು. ದಿಕ್ಕು ಸರಿಯಾಗಿಯೇ ಇರುತ್ತದೆ. ಗರಗಸ ದಿನಾ ಬಳಸುವವರಿಗೆ ಇದೇ ವಾಸಿ. ಕೈಗೆ ಎರಡು ದಿಕ್ಕಿನ ಅಭ್ಯಾಸ ಬೇಕಾಗುವುದಿಲ್ಲ. ಇದಕ್ಕೆ ಫೆನ್ಸ್ ಜಾರುವ ರೈಲು ಬಿಟ್‌ನಿಂದಾಚೆಗೆ ಕನಿಷ್ಠ 100–150 ಮಿ.ಮೀ. ಚಾಚಿರಬೇಕು, ಅಷ್ಟೇ.

ಯಾವುದನ್ನು ಆರಿಸಿದರೂ ಪ್ಲೇಟಿನ (ರೌಟರನ್ನು ಬಿಗಿದು ಹಲಗೆಯಲ್ಲಿ ಕೂರಿಸುವ ದಪ್ಪ ತಗಡು) ಪಕ್ಕದಲ್ಲಿ ಮಾಸದ ಬಣ್ಣದಲ್ಲಿ ಬಾಣದ ಗುರುತು ಬರೆದಿಡಿ. ಎರಡೂ ಜೋಡಣೆ ಬಳಸುವುದಾದರೆ ಎರಡು ಬಣ್ಣದ ಬಾಣಗಳಿರಲಿ. ನೋಡಲು ಬಾಲಿಶ ಅನ್ನಿಸಬಹುದು, ಸಂಜೆ ಏಳು ಗಂಟೆಗೆ ಕೊನೆಯ ನಾಲ್ಕು ತುಂಡು ಮುಗಿಸುವ ಅವಸರದಲ್ಲಿರುವಾಗ ಉಪಯೋಗಕ್ಕೆ ಬರುವುದು ಅದೇ.

ಇದರ ಜೊತೆಗೆ ಇನ್ನೊಂದು ಮಾತು. ಮರದ ಪಟ್ಟಿಯನ್ನು ಬಿಟ್‌ಗೂ ಫೆನ್ಸಿಗೂ ನಡುವೆ ತೂರಿಸಿ ಅಗಲ ಕಡಿಮೆ ಮಾಡಲು ಹೋಗಬೇಡಿ. ಆಗ ಬಿಟ್‌ನ ಒಳಬದಿ ಕಡಿಯುತ್ತದೆ, ದಿಕ್ಕು ತಿರುವುಮುರುವಾಗಿ ಪಟ್ಟಿ ಬಾಣದಂತೆ ಹಾರುತ್ತದೆ. ಬಿಟ್‌ನ ಒಂದು ಭಾಗ ಫೆನ್ಸಿನೊಳಗೆ ಹುದುಗಿರಬೇಕು, ಹೊರಗೆ ಕಾಣುವ ಬದಿ ಮಾತ್ರ ಕಡಿಯಬೇಕು. ಹಲಗೆಯ ನಡುವೆ ಗ್ರೂವ್ (ಉದ್ದನೆಯ ತೋಡು) ಹೊಡೆಯುವುದು ಇದಕ್ಕೆ ಹೊರತು. ಅಲ್ಲಿ ಬಿಟ್ ಮರದೊಳಗೇ ಇರುತ್ತದೆ, ಎರಡೂ ಬದಿ ಕಡಿಯುತ್ತವೆ. ಆದರೆ ಹೊಡೆದ ಗ್ರೂವನ್ನು ಅಗಲ ಮಾಡುವಾಗ ಮತ್ತೆ ಎಚ್ಚರ ಬೇಕು. ಮೊದಲು ಫೆನ್ಸಿಗೆ ಹತ್ತಿರದ ಗೋಡೆ ಕಡಿದು, ಆಮೇಲೆ ಫೆನ್ಸನ್ನು ಬಿಟ್‌ನಿಂದ ದೂರ ಸರಿಸಿ ಆಚೆ ಗೋಡೆ ಕಡಿಯಿರಿ. ಈ ಕ್ರಮ ತಪ್ಪಿದರೆ ಎರಡನೇ ಸಲ ತಳ್ಳುವಾಗ ಮರ ಎಳೆಯುತ್ತದೆ.

ಎಲ್ಲಿ, ಎಷ್ಟು ಅಳತೆ

ಎರಕದ ಮೇಜಿನ, 10 ಇಂಚು ಬ್ಲೇಡಿನ ಗರಗಸವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಈ ಬಗೆಯ ಗರಗಸಗಳ ಮೇಜು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ 27 ಇಂಚು, ಅಂದರೆ 685 ಮಿ.ಮೀ. ಬ್ಲೇಡಿನಿಂದ ನಡುಮೇಜಿನ ಬಲ ಅಂಚಿಗೆ ಹೆಚ್ಚುಕಡಿಮೆ 250 ಮಿ.ಮೀ. ಅಲ್ಲಿಂದ ಮುಂದಕ್ಕೆ 500 ಮಿ.ಮೀ. ಅಗಲದ ಹಲಗೆ ಕೂರಿಸಿ, ಅದರ ನಡುವೆ ಪ್ಲೇಟ್ ಇಟ್ಟರೆ ಬಿಟ್ ಬ್ಲೇಡಿನಿಂದ 500 ಮಿ.ಮೀ. ದೂರಕ್ಕೆ ಬರುತ್ತದೆ. ಫೆನ್ಸ್ 30 ಇಂಚಿನವರೆಗೆ ಹೋಗುವ ಗರಗಸವಾದರೆ ಬಿಟ್‌ನ ಎರಡೂ ಕಡೆ ಫೆನ್ಸ್ ನಿಲ್ಲಲು ಜಾಗ ಸಿಗುತ್ತದೆ. ನಿಮ್ಮ ಗರಗಸದ್ದು ಬೇರೆ ಅಳತೆಯಿದ್ದರೆ ಟೇಪು ಹಿಡಿದು ಇದೇ ಲೆಕ್ಕ ಹಾಕಿ.

ಪೆನ್ಸಿಲ್ ಗೆರೆ ಎಳೆಯುವ ಮುನ್ನ ಮೇಜಿನಡಿ ಬಗ್ಗಿ ನೋಡಿ. ಬ್ಲೇಡನ್ನು 45 ಡಿಗ್ರಿಗೆ ಓರೆ ಮಾಡಿದಾಗ ಗರಗಸದ ಮೋಟರ್ ಯಾವ ಕಡೆ ಎಷ್ಟು ಹೊರಬರುತ್ತದೆ, ಓರೆಯ ಚಕ್ರದ ಹಿಡಿ ಎಲ್ಲಿ ಸುತ್ತುತ್ತದೆ, ರೈಲಿನ ಬೋಲ್ಟುಗಳು ಎಲ್ಲೆಲ್ಲಿವೆ ಎಂದು ಗುರುತು ಮಾಡಿ. ರೌಟರ್ ಮೋಟರಿನ ಸುತ್ತ ಕನಿಷ್ಠ 75 ಮಿ.ಮೀ. ಬಯಲು ಬೇಕು, ಇಲ್ಲದಿದ್ದರೆ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ.

ಹೊತ್ತೊಯ್ಯುವ ಸಣ್ಣ ಗರಗಸದವರಿಗೆ ಬೇರೆ ದಾರಿ. ಅವುಗಳ ಬಲರೆಕ್ಕೆ ಕೊಳವೆಯ ಮೇಲೆ ಜಾರುವಂಥದ್ದು, ಅದರ ಮೇಲೆ ಭಾರ ಹೇರಬಾರದು. ಪ್ಲೈ, ಪ್ಲೇಟ್, ರೌಟರ್ ಎಲ್ಲ ಸೇರಿ 16–18 ಕಿಲೋ ಆಗುತ್ತದೆ. ಒಂದು ಕಡೆ ಇಷ್ಟು ಭಾರ ತೂಗಿದರೆ ಸ್ಟ್ಯಾಂಡೇ ಮಗುಚೀತು. ಗರಗಸವನ್ನೂ ರೌಟರನ್ನೂ ಒಂದೇ ಮರದ ಚೌಕಟ್ಟಿನಲ್ಲಿ, ಒಂದೇ ಎತ್ತರಕ್ಕೆ ಕೂರಿಸಿ. ರೌಟರ್ ಹಲಗೆಗೆ ಅದರದೇ ಕಾಲುಗಳಿರಲಿ, ಅದಕ್ಕೆ ಬೇರೆ ಮರದ ಫೆನ್ಸ್ ಮಾಡಿಕೊಳ್ಳಿ. ಮುಂದೆ ಹೇಳುವ ಹಲಗೆ, ಪ್ಲೇಟ್, ವಿದ್ಯುತ್ತಿನ ವಿಷಯ ಅವರಿಗೂ ಅಷ್ಟೇ ಅನ್ವಯ.

ಬೇಕಾದ ಸಾಮಾನು

– 19 ಮಿ.ಮೀ. ಪ್ಲೈ, 500 × 685 ಮಿ.ಮೀ. ಅಳತೆಯ ಎರಡು ತುಂಡು. ಐಎಸ್ 710 ಗುರುತಿನ ಮರೀನ್ ಪ್ಲೈ ಆದರೆ ಒಳ್ಳೆಯದು. ಕರಾವಳಿ, ಮಲೆನಾಡಿನವರು ಎಂಡಿಎಫ್ ಬಿಟ್ಟುಬಿಡಿ, ಮಳೆಗಾಲದಲ್ಲಿ ಅಂಚು ಉಬ್ಬುತ್ತದೆ.
– 1 ಮಿ.ಮೀ. ಸನ್‌ಮೈಕ, ಮೇಲೊಂದು ಕೆಳಗೊಂದು.
– ಕೆಳಗಿನ ಚೌಕಟ್ಟಿಗೆ 90 ಮಿ.ಮೀ. ಅಗಲದ ಪ್ಲೈ ಪಟ್ಟಿ, ಸುಮಾರು ಮೂರೂವರೆ ಮೀಟರ್.
– ಪ್ಲೇಟ್: ಸಿದ್ಧ ಪ್ಲೇಟುಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ 235 × 298 ಮಿ.ಮೀ., ದಪ್ಪ 9.5. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಮಾಡಿಸುವುದಾದರೆ ಅದೇ ಅಳತೆಗೆ 10 ಮಿ.ಮೀ. ಅಲ್ಯೂಮಿನಿಯಂ, ಮೂಲೆಗಳು 10 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿರಲಿ. 12 ಮಿ.ಮೀ. ಹೈಲಂ (ರಾಳ ತುಂಬಿ ಒತ್ತಿದ ಗಟ್ಟಿ) ಹಾಳೆಯೂ ನಡೆಯುತ್ತದೆ. ಅಕ್ರಿಲಿಕ್ ಬೇಡ, ಆರು ಕಿಲೋ ರೌಟರ್ ಕೆಲವು ತಿಂಗಳು ತೂಗಿದರೆ ನಡುವೆ ಜಗ್ಗುತ್ತದೆ.
– ಎಂ6 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಎಂಟು, ಮರಕ್ಕೆ ಕೂರಿಸುವ ಹಿತ್ತಾಳೆಯ ಇನ್ಸರ್ಟ್ ನಟ್ ಎಂಟು.
– ಗರಗಸದ ಮೇಜಿಗೆ ಹೊಂದುವ ಬೋಲ್ಟು ನಾಲ್ಕು, ದೊಡ್ಡ ವಾಷರ್‌ಗಳು. ಅಂಗಡಿಗೆ ಹೋಗುವಾಗ ಹಳೆಯ ರೆಕ್ಕೆಯಿಂದ ಬಿಚ್ಚಿದ ಒಂದು ಬೋಲ್ಟನ್ನೇ ಜೇಬಿಗೆ ಹಾಕಿಕೊಳ್ಳಿ. ಎಂ8, ಎಂ10, ಇಂಚಿನ ಥ್ರೆಡ್ ಮೂರೂ ಬರುತ್ತವೆ, ಊಹೆ ಬೇಡ.

ರೌಟರ್ ಯಾವುದು? 6 ಮಿ.ಮೀ. ಕಾಲೆಟ್ಟಿನ (ಬಿಟ್‌ನ ದಂಡವನ್ನು ಹಿಡಿಯುವ ಬಾಯಿ) ಟ್ರಿಮ್ಮರ್, ಅಂದರೆ ಸಣ್ಣ ರೌಟರ್, ಬೀಡಿಂಗ್ ಅಂಚಿಗೆ, ಸಣ್ಣ ಗ್ರೂವ್‌ಗೆ ಸಾಕು. ಬಾಗಿಲಿನ ಪ್ಯಾನಲ್ ಅಂಚು, ಚೌಕಟ್ಟಿನ ಜೋಡುಗಳು ನಿಮ್ಮ ಕೆಲಸವಾದರೆ 12 ಮಿ.ಮೀ. ಕಾಲೆಟ್ಟಿನ 1,600 ವ್ಯಾಟ್ ಅಥವಾ ಅದಕ್ಕೂ ಮೇಲಿನದ್ದು, ವೇಗ ಹೊಂದಿಸುವ ಗುಂಡಿ ಇರುವಂಥದ್ದೇ ಬೇಕು. ಒಂದೇ ವೇಗದ ಅಗ್ಗದ ದೊಡ್ಡ ರೌಟರ್ ಮೇಜಿನಡಿ ಹಾಕಲು ಲಾಯಕ್ಕಲ್ಲ. ಕಾರಣ ಮುಂದೆ ಬರುತ್ತದೆ.

ಹಲಗೆ ಮತ್ತು ತೂತು

ಎರಡು ಪ್ಲೈ ತುಂಡುಗಳನ್ನು ಗಮ್ ಹಚ್ಚಿ ಒಂದರ ಮೇಲೊಂದು ಒತ್ತಿ, ಗರಗಸದ ಎರಕದ ಮೇಜಿನ ಮೇಲೆಯೇ ಕ್ಲ್ಯಾಂಪ್ ಹಾಕಿ ಒಣಗಲು ಬಿಡಿ. ಮನೆಯಲ್ಲಿರುವ ಅತಿ ಸಮತಟ್ಟಾದ ಜಾಗ ಅದು. ನಡುವೆ ಪೇಪರ್ ಹಾಸಿ, ಗಮ್ ಮೇಜಿಗೆ ಅಂಟದಿರಲಿ. ಮರುದಿನ ಎರಡೂ ಬದಿಗೆ ಸನ್‌ಮೈಕ ಅಂಟಿಸಿ. ಮೇಲ್ಬದಿಗೆ ಮಾತ್ರ ಅಂಟಿಸಿದರೆ ಕೆಳಬದಿ ತೇವ ಹೀರಿಕೊಂಡು ಹಲಗೆ ಬಾಗುತ್ತದೆ. ಕೆಳಬದಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಹಳೆಯ, ಬಣ್ಣ ಹೊಂದದ ತುಂಡನ್ನು ಅಲ್ಲಿಗೆ ಬಳಸಬಹುದು.

ಪ್ಲೇಟ್ ಕೂರುವ ತಗ್ಗನ್ನು ಈ ಕ್ರಮದಲ್ಲಿ ಮಾಡಿ. ಪ್ಲೇಟಿನ ಉದ್ದ ಬದಿ ಫೆನ್ಸಿಗೆ ಸಮಾನಾಂತರವಾಗಿ, ಅಂದರೆ ಮುಂದಿನಿಂದ ಹಿಂದಕ್ಕೆ ಬರುವಂತೆ ಹಲಗೆಯ ಮೇಲಿಡಿ. ಅದರ ನಾಲ್ಕೂ ಬದಿಗೆ 12–18 ಮಿ.ಮೀ. ದಪ್ಪದ ನೇರ ಪಟ್ಟಿಗಳನ್ನು ಒತ್ತಿಟ್ಟು, ಡಬಲ್ ಸೈಡ್ ಟೇಪಿನಿಂದ ಅಂಟಿಸಿ. ಪಟ್ಟಿಗೂ ಪ್ಲೇಟಿಗೂ ನಡುವೆ ನೋಟ್‌ಬುಕ್ಕಿನ ಒಂದು ಹಾಳೆ ಇರಲಿ. ಆ ಸಂದು ಇಲ್ಲದಿದ್ದರೆ ಮಳೆಗಾಲದಲ್ಲಿ ಪ್ಲೇಟ್ ತೂತಿನಲ್ಲಿ ಹಿಡಿದುಕೊಂಡು ಎತ್ತಲು ಬರುವುದಿಲ್ಲ. ಪ್ಲೇಟ್ ತೆಗೆದು, ಮೇಲೆ ಬೇರಿಂಗ್ ಇರುವ 20 ಮಿ.ಮೀ. ವ್ಯಾಸದ ನೇರ ಬಿಟ್‌ನಿಂದ ಪಟ್ಟಿಗಳ ಒಳಬದಿಗೆ ಒರಸಿಕೊಂಡು ಸುತ್ತ ಕಡಿಯಿರಿ. 20 ವ್ಯಾಸ ಎಂದರೆ ಮೂಲೆಯಲ್ಲಿ ತಾನಾಗಿ 10 ತ್ರಿಜ್ಯದ ದುಂಡು. ಪ್ಲೇಟಿನ ಮೂಲೆಗೆ ಅದು ಸರಿಹೋಗುತ್ತದೆ. 19 ಮಿ.ಮೀ. ಬಿಟ್ ಇದ್ದರೂ ಆದೀತು, 20ಕ್ಕಿಂತ ದೊಡ್ಡದಾದರೆ ಪ್ಲೇಟಿನ ಮೂಲೆ ಒಳಗೆ ಇಳಿಯುವುದಿಲ್ಲ.

ಆಳ ಒಂದೇ ಸಲಕ್ಕೆ ಬೇಡ, 3–4 ಮಿ.ಮೀ.ಯಂತೆ ಮೂರು ಸುತ್ತು. ಕೊನೆಯ ಆಳ ಪ್ಲೇಟಿನ ದಪ್ಪಕ್ಕಿಂತ 1 ಮಿ.ಮೀ. ಹೆಚ್ಚಿರಬೇಕು. ಆ 1 ಮಿ.ಮೀ.ಯನ್ನು ಗ್ರಬ್ ಸ್ಕ್ರೂ ತುಂಬುತ್ತದೆ. ತಗ್ಗು ಮುಗಿದ ಮೇಲೆಯೇ ಒಳಗಿನ ಭಾಗವನ್ನು ಜಿಗ್‌ಸಾದಿಂದ ಕೊಯ್ದು ತೆಗೆಯಿರಿ, ಸುತ್ತಲೂ 15 ಮಿ.ಮೀ. ಮೆಟ್ಟಿಲು ಉಳಿಯಲಿ. ಮೊದಲೇ ನಡುವನ್ನು ಕೊಯ್ದುಬಿಟ್ಟರೆ ರೌಟರ್ ಓಡಿಸಲು ನಡುವೆ ಆಧಾರವೇ ಇರುವುದಿಲ್ಲ.

ಮೆಟ್ಟಿಲಿನ ನಾಲ್ಕು ಮೂಲೆ, ನಾಲ್ಕು ನಡುಬದಿಗಳಲ್ಲಿ ಕೆಳಗಿನಿಂದ ಇನ್ಸರ್ಟ್ ನಟ್ ಕೂರಿಸಿ, ಗ್ರಬ್ ಸ್ಕ್ರೂವನ್ನೂ ಕೆಳಗಿನಿಂದಲೇ ತಿರುಗಿಸಿ. ಅಲೆನ್ ಕೀ ಹಿಡಿಯುವ ಬಾಯಿ ಕೆಳಮುಖವಾಗಿರಲಿ. ಹೀಗಿದ್ದರೆ ಮಟ್ಟ ಹೊಂದಿಸುವಾಗ ಪ್ರತಿಸಲ ಪ್ಲೇಟ್ ಎತ್ತಬೇಕಾಗಿಲ್ಲ. ಹೊಂದಿಸಿದ ಮೇಲೆ ಎದುರುಬದುರಿನ ಎರಡು ಮೂಲೆಗಳಲ್ಲಿ ಪ್ಲೇಟನ್ನು ಎಂ5 ಸ್ಕ್ರೂನಿಂದ ಕೆಳಕ್ಕೆ ಎಳೆದು ಬಿಗಿಯಿರಿ. ಬರೀ ಭಾರದಿಂದ ಕೂತ ಪ್ಲೇಟ್ ದೊಡ್ಡ ಬಿಟ್ ಓಡುವಾಗ ಕುಣಿಯುತ್ತದೆ.

ಗರಗಸಕ್ಕೆ ಜೋಡಿಸುವುದು, ಮಟ್ಟ ಹಿಡಿಯುವುದು

ಹಲಗೆಯ ಕೆಳಗೆ 90 ಮಿ.ಮೀ. ಪಟ್ಟಿಗಳಿಂದ ಚೌಕಟ್ಟು ಕಟ್ಟಿ. ಪ್ಲೇಟಿನ ಎರಡೂ ಬದಿಗೆ ಒಂದೊಂದು ಅಡ್ಡಪಟ್ಟಿ ಹಾಕಿದರೆ ನಡು ಜಗ್ಗುವುದಿಲ್ಲ. ರೌಟರಿನ ಹಿಡಿಗಳು ಅವಕ್ಕೆ ತಾಗದಂತೆ ನೋಡಿಕೊಳ್ಳಿ. ಗರಗಸದ ಕಡೆಯ ಪಟ್ಟಿಯಲ್ಲಿ ಎರಕದ ತೂತುಗಳಿಗೆ ಎದುರಾಗಿ ತೂತು ಕೊರೆಯಿರಿ, ಬೋಲ್ಟಿಗಿಂತ 2–3 ಮಿ.ಮೀ. ದೊಡ್ಡದಾಗಿ. ಹಲಗೆಯನ್ನು ಮೇಲೆ ಕೆಳಗೆ ಸರಿಸಿ ಹೊಂದಿಸಲು ಈ ಸಡಿಲು ಬೇಕೇ ಬೇಕು. ಹೊರತುದಿಗೆ ಒಂದು ಜೊತೆ ಕಾಲು ಕೊಡಿ, ತಳದಲ್ಲಿ ಎತ್ತರ ಹೊಂದಿಸುವ ಬೋಲ್ಟ್ ಇರಲಿ.

ಮಟ್ಟ ನೋಡಲು ಒಂದು ಮೀಟರಿನ ನೇರ ಪಟ್ಟಿ ಬೇಕು. ದುಬಾರಿ ಸ್ಟ್ರೇಟ್ ಎಡ್ಜ್ ಇಲ್ಲದಿದ್ದರೆ ಸ್ಲೈಡಿಂಗ್ ಕಿಟಕಿ ಮಾಡುವವರ ಹತ್ತಿರ ಅಲ್ಯೂಮಿನಿಯಂ ಸೆಕ್ಷನ್ನಿನ ತುಂಡು ಕೇಳಿ. ಅದು ನೇರವಿದೆಯೇ ಎಂದು ನೋಡುವುದು ಸುಲಭ: ಪ್ಲೈ ಮೇಲಿಟ್ಟು ಚೂಪು ಪೆನ್ಸಿಲಿನಿಂದ ಗೆರೆ ಎಳೆಯಿರಿ, ಪಟ್ಟಿಯನ್ನು ಮಗುಚಿ ಅದೇ ಅಂಚನ್ನು ಅದೇ ಗೆರೆಗೆ ತಂದು ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಒಂದಾದರೆ ಪಟ್ಟಿ ನೇರ. ನಡುವೆ ಸಂದು ಕಂಡರೆ ಅದರ ಅರ್ಧದಷ್ಟು ಪಟ್ಟಿ ಬಾಗಿದೆ ಎಂದರ್ಥ, ಬೇರೆ ತುಂಡು ಕೇಳಿ.

ಬೋಲ್ಟುಗಳನ್ನು ಅರೆಬಿಗಿ ಮಾಡಿ, ಪಟ್ಟಿಯನ್ನು ಎರಕದ ಮೇಜಿನ ಮೇಲೊತ್ತಿ ಹಲಗೆಯ ಕಡೆ ಚಾಚಿ. ಜೋಡಿನ ಹತ್ತಿರ ಹಲಗೆ ಎರಕಕ್ಕಿಂತ ಮೇಲೆ ನಿಲ್ಲಬಾರದು. ಒಂದು ಹಾಳೆಯಷ್ಟು, ಅಂದರೆ 0.1 ಮಿ.ಮೀ. ತಗ್ಗಿದ್ದರೆ ಪರವಾಗಿಲ್ಲ. ಗರಗಸದಲ್ಲಿ ಅಗಲದ ಪ್ಲೈ ಸೀಳುವಾಗ ಈ ಜೋಡಿನ ಮೇಲೆಯೇ ಅದು ಜಾರಬೇಕು, ಮೇಲೆದ್ದ ಅಂಚು ತಡೆಯುತ್ತದೆ. ಜೋಡಿನ ಕಡೆ ಬಿಗಿದ ನಂತರ ಹೊರತುದಿಯ ಕಾಲಿನ ಬೋಲ್ಟ್ ತಿರುಗಿಸಿ ಆ ತುದಿಯನ್ನೂ ಮಟ್ಟಕ್ಕೆ ತನ್ನಿ. ಮುಂದೆ, ನಡುವೆ, ಹಿಂದೆ, ಆಮೇಲೆ ಎರಡು ಓರೆ ಗೆರೆ, ಹೀಗೆ ಐದು ಕಡೆ ನೋಡಿ.

ಪ್ಲೇಟಿನ ಮಟ್ಟವನ್ನು ರೌಟರ್ ತೂಗುಬಿಟ್ಟ ಮೇಲೆಯೇ ಅಂತಿಮವಾಗಿ ಹೊಂದಿಸಬೇಕು. ಖಾಲಿ ಪ್ಲೇಟಿನ ಮಟ್ಟ ಭಾರ ಬಿದ್ದ ಮೇಲೆ ಉಳಿಯುವುದಿಲ್ಲ. ಪ್ಲೇಟ್ ತಗ್ಗಿದ್ದರೆ ಮರ ಆಚೆ ಅಂಚಿಗೆ ಬಡಿದು ನಿಲ್ಲುತ್ತದೆ, ಉಬ್ಬಿದ್ದರೆ ಈಚೆ ಅಂಚಿಗೇ ಬಡಿಯುತ್ತದೆ. ಪ್ಲೇಟಿನ ಮೇಲಂಚುಗಳನ್ನು ಅರದಿಂದ ಅರ್ಧ ಮಿ.ಮೀ. ಮುರಿದುಬಿಡಿ, ಆಗ ಇಂಥ ಸಣ್ಣ ವ್ಯತ್ಯಾಸಗಳು ಕೆಲಸಕ್ಕೆ ತೊಂದರೆ ಕೊಡುವುದಿಲ್ಲ.

ರೌಟರನ್ನು ಪ್ಲೇಟಿಗೆ ಬಿಗಿಯುವುದು

ರೌಟರಿನ ಕಪ್ಪು ಪ್ಲಾಸ್ಟಿಕ್ ತಳವನ್ನು ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ತೂತಿನ ಗುರುತು ಹಾಕಿ. ಹಿಡಿಗಳು, ಎತ್ತರದ ಬೀಗ, ಸ್ವಿಚ್ಚು ಯಾವ ಕಡೆ ಬರುತ್ತವೆ ಎಂದು ಮೊದಲು ನೋಡಿ. ಬೀಗ ನೀವು ನಿಲ್ಲುವ ಕಡೆಗಿರಲಿ. ಸ್ಕ್ರೂ ತೂತುಗಳಿಗೆ 90 ಡಿಗ್ರಿ ಕೌಂಟರ್‌ಸಿಂಕ್ ಮಾಡಿ, ತಲೆ ಪ್ಲೇಟಿನ ಮೈಯಿಂದ ಅರ್ಧ ಮಿ.ಮೀ. ಒಳಗೆ ಕೂರಬೇಕು. ಪ್ಲೇಟ್ ದಪ್ಪವಿರುವುದರಿಂದ ಮೂಲ ಸ್ಕ್ರೂಗಳು ಸಾಲುವುದಿಲ್ಲ. ಅದೇ ಥ್ರೆಡ್ಡಿನ ಉದ್ದ ಸ್ಕ್ರೂ ತರಬೇಕು, ಎರಕದೊಳಗೆ ಹೋಗುವ ಉದ್ದ ಮೊದಲಿದ್ದಷ್ಟೇ ಇರಬೇಕು. ಹೆಚ್ಚಾದರೆ ತಳಕ್ಕೆ ಮುಟ್ಟಿ, ಬಿಗಿಯಾದಂತೆ ಅನ್ನಿಸಿ, ಪ್ಲೇಟ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ.

ಬಿಟ್ ಹೊರಬರುವ ತೂತಿಗೆ 40 ಮಿ.ಮೀ. ಸಾಕು. ಸಣ್ಣ ಬಿಟ್ ಹಾಕಿದಾಗ ಸುತ್ತ ದೊಡ್ಡ ಬಯಲು ಉಳಿದು ಸಣ್ಣ ತುಂಡಿನ ತುದಿ ಒಳಗೆ ಇಳಿಯುತ್ತದೆ. ಆಗ ಮೇಜಿನ ಮೇಲೆ 4 ಮಿ.ಮೀ. ಪ್ಲೈ ಹಾಸಿ, ಅದರಲ್ಲಿ ಬಿಟ್‌ಗೆ ತಕ್ಕ ತೂತು ಮಾಡಿ ಕ್ಲ್ಯಾಂಪ್ ಹಾಕಿ. ದೊಡ್ಡ ಪ್ಯಾನಲ್ ಬಿಟ್‌ಗೆ ಅಗಲ ತೂತಿನ ಎರಡನೇ ಪ್ಲೇಟ್ ಮಾಡಿಸುವುದೇ ಸರಿ.

ಪ್ಲಂಜ್ ರೌಟರ್ (ಮೋಟರ್ ಎರಡು ಕಂಬಗಳ ಮೇಲೆ ಏರಿಳಿಯುವ ಬಗೆ) ಆದರೆ ತಲೆಕೆಳಗಾದಾಗ ಅದರ ಸ್ಪ್ರಿಂಗು ಮೋಟರನ್ನು ಕೆಳಕ್ಕೆ ದೂಡುತ್ತಿರುತ್ತದೆ, ಬಿಟ್ ಎತ್ತಲು ಅದರ ವಿರುದ್ಧ ತಳ್ಳಬೇಕು. ಸ್ಪ್ರಿಂಗ್ ತೆಗೆಯಲು ಬರುವ ಮಾದರಿಯಾದರೆ ತೆಗೆದು ಜೋಪಾನವಾಗಿಡಿ. ಕೆಳಗಿನಿಂದ ಎತ್ತಲು ಎಂ10 ಥ್ರೆಡ್ ರಾಡಿನ ಏರ್ಪಾಡು ಮಾಡಬಹುದು. ಅದರ ಪಿಚ್ 1.5 ಮಿ.ಮೀ., ಹಾಗಾಗಿ ಪೂರಾ ಒಂದು ಸುತ್ತಿಗೆ ಒಂದೂವರೆ, ಕಾಲು ಸುತ್ತಿಗೆ 0.4 ಮಿ.ಮೀ.ಗಿಂತ ತುಸು ಕಡಿಮೆ. ಹಳೆಯ ಕಾರಿನ ಕತ್ತರಿ ಜಾಕ್ ಸಿಕ್ಕರೆ ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಯಾವ ಏರ್ಪಾಡಾದರೂ ಕೊನೆಯ ಹೊಂದಾಣಿಕೆ ಮೇಲ್ಮುಖವಾಗಿರಬೇಕು. ಹೆಚ್ಚಾಯಿತೆಂದು ಇಳಿಸಿ ಅಲ್ಲೇ ಬಿಟ್ಟರೆ ಥ್ರೆಡ್ಡಿನ ಸಡಿಲು ಉಳಿದು, ಓಡುವಾಗ ಬಿಟ್ ಜಾರುತ್ತದೆ. ಬೇಕಾದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಏರಿಸಿ, ಬೀಗ ಹಾಕಿ.

ಕಾಲೆಟ್ ವಿಷಯದಲ್ಲಿ ನಮ್ಮ ಮಾರುಕಟ್ಟೆಯದೇ ಒಂದು ಗೊಂದಲವಿದೆ. 6 ಮಿ.ಮೀ. ಮತ್ತು ಕಾಲು ಇಂಚು, 12 ಮಿ.ಮೀ. ಮತ್ತು ಅರ್ಧ ಇಂಚು, ಎರಡೂ ಬಗೆಯ ಬಿಟ್‌ಗಳು ಒಂದೇ ಡಬ್ಬಿಯಲ್ಲಿ ಸಿಗುತ್ತವೆ. ಕಾಲು ಇಂಚು ಎಂದರೆ 6.35, ಅರ್ಧ ಇಂಚು ಎಂದರೆ 12.7 ಮಿ.ಮೀ. 12ರ ಬಿಟ್ 12.7ರ ಕಾಲೆಟ್ಟಿನೊಳಗೆ ಹೋಗುತ್ತದೆ, ಸ್ಪ್ಯಾನರ್ ಹಾಕಿದರೆ ಬಿಗಿಯಾದಂತೆಯೂ ಅನ್ನಿಸುತ್ತದೆ. ಆದರೆ ಕಾಲೆಟ್ ಸುತ್ತಲೂ ಸಮನಾಗಿ ಹಿಡಿದಿರುವುದಿಲ್ಲ, ಓಡುವಾಗ ಬಿಟ್ ಮೇಲಕ್ಕೆ ಏರಿ ಹೊರಬರುತ್ತದೆ. ಹೊಸ ಬಿಟ್ ಬಂದ ಕೂಡಲೇ ದಂಡವನ್ನು ವರ್ನಿಯರ್‌ನಿಂದ ಅಳೆದು, ಅಳತೆಯನ್ನು ಟೇಪಿನ ಮೇಲೆ ಬರೆದು ಬಿಟ್‌ನ ಡಬ್ಬಿಗೆ ಅಂಟಿಸಿ. ಬಿಟ್ ಹಾಕುವಾಗ ತಳಮುಟ್ಟ ಇಳಿಸಿ, ಆಮೇಲೆ 2–3 ಮಿ.ಮೀ. ಮೇಲೆತ್ತಿ ಬಿಗಿಯಿರಿ. ಬಿಗಿಯುವಾಗ ಕಾಲೆಟ್ ಬಿಟ್ಟನ್ನು ಕೊಂಚ ಒಳಕ್ಕೆ ಎಳೆಯುತ್ತದೆ, ತಳ ಮುಟ್ಟಿದ್ದರೆ ಎಳೆಯಲು ಜಾಗವಿಲ್ಲದೆ ಅರೆಬಿಗಿಯಾಗಿ ನಿಲ್ಲುತ್ತದೆ.

ಫೆನ್ಸ್

ಗರಗಸದ ಫೆನ್ಸಿಗೆ 18 ಮಿ.ಮೀ. ಪ್ಲೈನ, 100 ಮಿ.ಮೀ. ಎತ್ತರದ ಹೊದಿಕೆ ಹಾಕಿ. ಅದು ಎರಡು ತುಂಡಾಗಿರಲಿ, ನಡುವೆ ಬಿಟ್‌ಗೆ ಜಾಗ. ತುಂಡುಗಳು ಜಾರುವಂತೆ ಉದ್ದ ತೂತು ಮಾಡಿ ಬೋಲ್ಟ್ ಹಾಕಿದರೆ ಬಿಟ್‌ಗೆ ತಕ್ಕಂತೆ ಹತ್ತಿರ ತರಬಹುದು. ಬಿಟ್‌ನ ಹಿಂಭಾಗಕ್ಕೆ ಸಣ್ಣ ಪೆಟ್ಟಿಗೆ ಮಾಡಿ ವ್ಯಾಕ್ಯೂಮ್ ಕೊಳವೆ ತೂರಿಸಿ. ಹೊದಿಕೆಯ ಕೆಳಅಂಚನ್ನು 2–3 ಮಿ.ಮೀ. ಓರೆಯಾಗಿ ಕತ್ತರಿಸಿ, ಹೊಟ್ಟು ಅಲ್ಲಿ ಸಿಕ್ಕಿ ಮರವನ್ನು ಫೆನ್ಸಿನಿಂದ ದೂರ ತಳ್ಳದಿರಲಿ.

ಮೂಲೆಮಟ್ಟ ಹಿಡಿದು ಹೊದಿಕೆ ಮೇಜಿಗೆ ಲಂಬವಾಗಿದೆಯೇ ನೋಡಿ. ಬ್ಲೇಡಿಗೆ ಸಮಾನಾಂತರವಾಗಿರಬೇಕು ಎಂಬ ಗರಗಸದ ನಿಯಮ ಇಲ್ಲಿಲ್ಲ. ಬಿಟ್ ಒಂದು ಬಿಂದು, ಆ ಬಿಂದುವಿಗೆ ಇರುವ ದೂರವಷ್ಟೇ ಮುಖ್ಯ. ಮೈಟರ್ ಗೇಜ್ (ಮೇಜಿನ ತೋಡಿನಲ್ಲಿ ಜಾರುವ ಕೋನದ ಆಸರೆ) ಜೊತೆ ಬಳಸುವಾಗ ಮಾತ್ರ ಸಮಾನಾಂತರ ಬೇಕು.

ಇದರಲ್ಲೇ ಅಂಚು ಕೀಸುವ ಕೆಲಸವನ್ನೂ ಮಾಡಬಹುದು. ಮರ ಹೊರಹೋಗುವ ಕಡೆಯ ಹೊದಿಕೆಯ ಹಿಂದೆ 1 ಮಿ.ಮೀ. ಸನ್‌ಮೈಕದ ಪಟ್ಟಿ ತೂರಿಸಿ. ನೇರ ಬಿಟ್‌ನ ಹಲ್ಲು ಆ ಹೊರಹೊದಿಕೆಯ ಮುಖಕ್ಕೆ ಸರಿಯಾಗಿ ಬರುವಂತೆ ಫೆನ್ಸ್ ನಿಲ್ಲಿಸಿ. ಆಗ ಒಂದು ಸಲಕ್ಕೆ 1 ಮಿ.ಮೀ. ಅಂಚು ಕೀಸಿ ಬರುತ್ತದೆ. ಹೊರಗೆ ಬರುವಾಗ ಕೊನೆಯಲ್ಲಿ ಮರ ಗಕ್ಕನೆ ತಗ್ಗಿ ಗುಳಿ ಬಿದ್ದರೆ ಹೊರಹೊದಿಕೆ ಬಿಟ್‌ಗಿಂತ ಹಿಂದೆ ಇದೆ. ಮರ ನಡುದಾರಿಯಲ್ಲಿ ಬಡಿದು ನಿಂತರೆ ಅದು ಮುಂದೆ ಬಂದಿದೆ.

ಈ ಜೋಡಣೆಯ ನಿಜವಾದ ಕಿರಿಕಿರಿ ಒಂದಿದೆ. ರೌಟರ್‌ಗೆ ಫೆನ್ಸ್ ಸರಿಸಿದರೆ ಸೀಳಲು ಇಟ್ಟ ಅಳತೆ ಹೋಯಿತು. ಒಂದು ಕೆಲಸಕ್ಕೆ ಬೇಕಾದ ಎಲ್ಲ ಪಟ್ಟಿಗಳನ್ನೂ, ಎರಡು ಹೆಚ್ಚೇ ಸೇರಿಸಿ, ಸೀಳಿ ಮುಗಿಸಿದ ಮೇಲೆ ರೌಟರ್ ಕಡೆ ಬನ್ನಿ.

ಕರೆಂಟು

ಗರಗಸ 1,800 ವ್ಯಾಟ್, ರೌಟರ್ 1,600, ಜೊತೆಗೆ ವ್ಯಾಕ್ಯೂಮ್. 16 ಆಂಪಿಯರಿನ ಒಂದು ಪಾಯಿಂಟ್ 230 ವೋಲ್ಟಿನಲ್ಲಿ ಕೊಡುವುದು 3,680 ವ್ಯಾಟ್. ಮೂರನ್ನೂ ಒಂದೇ ಪಾಯಿಂಟಿಗೆ ಹಾಕುವ ಹಾಗಿಲ್ಲ. ಗರಗಸ ಮತ್ತು ರೌಟರ್ ನಡುವೆ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಒಂದು ಕಡೆ ಕರೆಂಟು ಇದ್ದರೆ ಇನ್ನೊಂದು ಕಡೆ ಇರಬಾರದು. ಭಾರ ಹಂಚಿಕೆಗಿಂತ ಇದು ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ: ರೌಟರ್ ಬಳಸುವಾಗ ಮೊಣಕೈ ತಾಗಿ ಬ್ಲೇಡ್ ಓಡಬಾರದು.

ರೌಟರಿನ ಸ್ವಂತ ಸ್ವಿಚ್ಚನ್ನು ಆನ್ ಮಾಡಿಟ್ಟು ಹೊರಗಿನ ಸ್ವಿಚ್ಚಿನಿಂದ ಓಡಿಸುವುದು ರೂಢಿ. ಆ ಹೊರಗಿನ ಸ್ವಿಚ್ಚು ಗೋಡೆಯ ಸಾಮಾನ್ಯ ಸ್ವಿಚ್ಚಾಗಿರಬಾರದು. ಕರೆಂಟು ಹೋದಾಗ ನೀವು ಬಿಟ್ ಮೇಲೆ ಬಗ್ಗಿ ಹೊಟ್ಟು ಒರೆಸುತ್ತಿರುತ್ತೀರಿ, ಕರೆಂಟು ಬಂದ ಕ್ಷಣ ರೌಟರ್ ತಾನಾಗಿ ಓಡುತ್ತದೆ. ನೋ ವೋಲ್ಟ್ ಕಾಯಿಲ್ ಇರುವ ಹಸಿರು–ಕೆಂಪು ಗುಂಡಿಯ ಸಿಂಗಲ್ ಫೇಸ್ ಸ್ಟಾರ್ಟರ್ ಹಾಕಿಸಿದರೆ ಕರೆಂಟು ಹೋದಾಗ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಒತ್ತುವವರೆಗೂ ಓಡುವುದಿಲ್ಲ. ಕೆಂಪು ಗುಂಡಿ ಮಂಡಿಯಿಂದಲೂ ಒತ್ತಲು ಬರುವ ಜಾಗದಲ್ಲಿರಲಿ. ವೈರಿಂಗ್ 2.5 ಚದರ ಮಿ.ಮೀ. ತಾಮ್ರ, ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು). ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಕೆಲವು ರೌಟರ್‌ಗಳಲ್ಲಿ ಮರುಚಾಲನೆ ತಡೆಯುವ ಏರ್ಪಾಡು ಒಳಗೇ ಇರುತ್ತದೆ, ಅವು ಹೊರಗಿನ ಸ್ವಿಚ್ಚಿಗೆ ಓಡುವುದಿಲ್ಲ. ರೌಟರ್ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವ ಮುನ್ನ ಕೈಪಿಡಿ ನೋಡಿ.

ವೇಗ

25 ಮಿ.ಮೀ. ವ್ಯಾಸದ ಒಳಗಿನ ಬಿಟ್‌ಗಳಿಗೆ 24,000 ಆರ್‌ಪಿಎಂವರೆಗೆ, 25ರಿಂದ 50ಕ್ಕೆ 18,000, 50ರಿಂದ 63ಕ್ಕೆ 16,000, ಅದಕ್ಕೂ ಮೇಲೆ 90ರವರೆಗೆ 10,000–12,000. ಬಿಟ್ ಮೇಲೆ ಇದಕ್ಕಿಂತ ಕಡಿಮೆ ವೇಗ ಬರೆದಿದ್ದರೆ ಅದೇ ಕೊನೆ ಮಾತು. 80 ಮಿ.ಮೀ.ಯ ಪ್ಯಾನಲ್ ಬಿಟ್ ಅನ್ನು 22,000ದಲ್ಲಿ ಓಡಿಸಿದರೆ ಅದರ ಅಂಚು ಸೆಕೆಂಡಿಗೆ 92 ಮೀಟರ್, ಅಂದರೆ ಗಂಟೆಗೆ 330 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. 12,000ಕ್ಕೆ ಇಳಿಸಿದರೆ ಸೆಕೆಂಡಿಗೆ 50 ಮೀಟರ್. ಒಂದೇ ವೇಗದ ರೌಟರ್ ಬೇಡ ಎಂದದ್ದು ಇದಕ್ಕೇ.

ಒಂದು ಸಲಕ್ಕೆ ಕಡಿಯುವ ಆಳ ಬಿಟ್‌ನ ವ್ಯಾಸದ ಅರ್ಧ ಮೀರದಿರಲಿ: 6ರ ಬಿಟ್‌ಗೆ 3, 12ರದ್ದಕ್ಕೆ 5–6. ಪ್ಯಾನಲ್ ಅಂಚನ್ನು ಮೂರು ನಾಲ್ಕು ಸಲಕ್ಕೆ ಮುಗಿಸಿ.

ಮೊದಲ ಓಟ, ಮತ್ತು ಕೆಟ್ಟರೆ ಏನು

ಗರಗಸದ ಪ್ಲಗ್ ಕಿತ್ತು, ಬ್ಲೇಡನ್ನು ಮೇಜಿನ ಮಟ್ಟಕ್ಕಿಂತ ಕೆಳಗಿಳಿಸಿ, ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಂತು ಸೀಳಿದ ಸಂದು ಮುಚ್ಚದಂತೆ ತಡೆಯುವ ತಗಡು) ತೆಗೆಯಿರಿ. 12 ಮಿ.ಮೀ. ನೇರ ಬಿಟ್ ಹಾಕಿ, ಎತ್ತರ 3 ಮಿ.ಮೀ. ಎತ್ತರ ನೋಡಲು 3 ಮಿ.ಮೀ. ವ್ಯಾಸದ ಡ್ರಿಲ್ ಬಿಟ್‌ನ ದಂಡವನ್ನು ಪ್ಲೇಟ್ ಮೇಲಿಟ್ಟು, ಅದರ ಮೇಲೆ ಮರದ ತುಂಡು ಚಾಚಿ. ಬಿಟ್ಟನ್ನು ಕೈಯಲ್ಲಿ ತಿರುಗಿಸುತ್ತ ಹಲ್ಲು ತುಂಡಿಗೆ ಸವರುವಷ್ಟಕ್ಕೆ ನಿಲ್ಲಿಸಿ. ಇದಾಗುವಾಗ ರೌಟರ್ ಪ್ಲಗ್ ಹೊರಗಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಕನ್ನಡಕ, ಕಿವಿಮುಚ್ಚಿಗೆ ಇರಲಿ, ಕೈಗವಸು ಬೇಡ. ಬಾಣದ ಗುರುತು ನೋಡಿ, ಅರ್ಧ ಮೀಟರಿಗಿಂತ ಉದ್ದದ ಬೇಡದ ತುಂಡನ್ನು ತಳ್ಳಿ. 300 ಮಿ.ಮೀ.ಗಿಂತ ಗಿಡ್ಡ ತುಂಡಿಗೆ ಅಂಚು ಬೇಕಾದರೆ ಉದ್ದ ಹಲಗೆಗೆ ಅಂಚು ಹೊಡೆದು ಆಮೇಲೆ ಕತ್ತರಿಸಿಕೊಳ್ಳಿ.

ಸುಟ್ಟ ಕಲೆ ಬಿದ್ದರೆ ಮೊದಲ ಅನುಮಾನ ನಿಮ್ಮ ಕೈ ನಿಧಾನದ ಮೇಲೆ, ವಿಶೇಷವಾಗಿ ಕೈ ಬದಲಿಸಲು ನಿಂತ ಜಾಗದಲ್ಲಿ. ಎರಡನೆಯದು ಮೊಂಡು ಬಿಟ್. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ತುದಿಯದ್ದಲ್ಲದ ಬಿಟ್ ಅದಕ್ಕೆ ಬೇಡ. ಬಿಟ್‌ಗೆ ಹತ್ತಿದ ಅಂಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಬ್ರಶ್‌ನಿಂದ ತಿಕ್ಕಿ, ಬೇರಿಂಗ್ ಮಾತ್ರ ಬಿಚ್ಚಿಡಿ.

ಹಲಗೆಯ ನಾಲ್ಕೂ ಬದಿಗೆ ಅಂಚು ಹೊಡೆಯುವಾಗ ಮೂಲೆ ಸಿಡಿಯುತ್ತಿದ್ದರೆ ಮೊದಲು ಎಳೆಗೆ ಅಡ್ಡವಾದ ಎರಡು ತುದಿ, ಆಮೇಲೆ ಉದ್ದ ಬದಿಗಳು. ತುದಿಯಲ್ಲಿ ಸಿಡಿದ ಮೂಲೆಯನ್ನು ಉದ್ದ ಬದಿಯ ಓಟ ಕಡಿದು ಹಾಕುತ್ತದೆ. ಗ್ರೂವಿನ ಆಳ ಒಂದು ತುದಿಯಿಂದ ಇನ್ನೊಂದಕ್ಕೆ ಹೆಚ್ಚುತ್ತ ಹೋದರೆ ಬಿಟ್ ಕಾಲೆಟ್ಟಿನಿಂದ ಏರುತ್ತಿದೆ. ತಕ್ಷಣ ನಿಲ್ಲಿಸಿ. ಅಲ್ಲಲ್ಲಿ ಮಾತ್ರ ಆಳ ಕಡಿಮೆಯಾದರೆ ಮರ ಬಾಗಿದೆ ಅಥವಾ ಪ್ಲೇಟ್ ತಗ್ಗಿದೆ. ಮೋಟರಿನ ದನಿ ಸ್ವಲ್ಪ ಹೊತ್ತಿನಲ್ಲೇ ಬದಲಾಗಿ ಬಿಸಿ ವಾಸನೆ ಬಂದರೆ ಕೆಳಗಿನ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿದ್ದೀರೇ ನೋಡಿ. ಧೂಳು ಹಿಡಿಯಲೆಂದು ಮುಚ್ಚಿದ ಪೆಟ್ಟಿಗೆಗೆ ಗಾಳಿ ಬರಲು ಕೈಯಗಲದ ಕಿಂಡಿ ಬಿಡಲೇಬೇಕು. ತಲೆಕೆಳಗಾದ ರೌಟರ್ ಹೊಟ್ಟನ್ನು ನೇರ ತನ್ನ ಮೇಲೇ ಸುರಿದುಕೊಳ್ಳುತ್ತದೆ, ವಾರಕ್ಕೊಮ್ಮೆ ಊದಿ ತೆಗೆಯಿರಿ.

ಜೂನ್‌ಗೆ ಮುಂಚೆ ಎರಕದ ಮೇಜನ್ನು ಒಣಗಿಸಿ, ಪೇಸ್ಟ್ ವ್ಯಾಕ್ಸ್ ತೆಳ್ಳಗೆ ಹಚ್ಚಿ ಒರೆಸಿ. ಸಿಲಿಕೋನ್ ಇರುವ ಕಾರ್ ಪಾಲಿಷ್ ಬೇಡ, ಅದು ಮರಕ್ಕೆ ಅಂಟಿದರೆ ಮೇಲೆ ಹೊಡೆದ ಪಾಲಿಷ್ ಕಣ್ಣುಕಣ್ಣಾಗಿ ಒಡೆಯುತ್ತದೆ. ಜೂನ್‌ನಲ್ಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ನೇರ ಪಟ್ಟಿ ಹಿಡಿದು ಜೋಡಿನ ಮಟ್ಟ, ಪ್ಲೇಟಿನ ಮಟ್ಟ ನೋಡಿ. ಪ್ಲೈ ತೇವಕ್ಕೆ ಉಬ್ಬಿ ಒಣಗಿ ಇಳಿಯುವಾಗ ಎಂಟು ಗ್ರಬ್ ಸ್ಕ್ರೂಗಳಲ್ಲಿ ಒಂದೆರಡಕ್ಕಾದರೂ ಕಾಲು ಸುತ್ತಿನ ಕೆಲಸ ಇದ್ದೇ ಇರುತ್ತದೆ.